ಬಿ.ಪಿ. ಮಾತ್ರೆ ರಕ್ತ ಒಣಗಿಸುತ್ತದೆಯೇ?

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಒಂದು ವರ್ಷದಿಂದ ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಮೊದಲು 12.4 ಇದ್ದ ಹಿಮೋಗ್ಲೋಬಿನ್ ಈಗ 11.3ಕ್ಕೆ ಇಳಿದಿದೆ. ಪಕ್ಕದ ಮನೆಯವರು "ಆ ಮಾತ್ರೆಯೇ ರಕ್ತ ಒಣಗಿಸೋದು, ಬಿಟ್ಟುಬಿಡಿ" ಅಂದರು. ಹತ್ತು ದಿನದಿಂದ ಬಿಟ್ಟಿದ್ದೇನೆ. ಸರಿಯೇ?
—ಒಬ್ಬ ಗೃಹಿಣಿ, ಹಾಸನ

ಉತ್ತರ: ಅವರ ಮಾತಿನಲ್ಲಿ ಸ್ವಲ್ಪ ನಿಜವಿದೆ, ಆದರೆ ಸಲಹೆ ಮಾತ್ರ ಅಪಾಯದ್ದು. ನಾಳೆಯೇ ಹೋಗಿ ಬಿ.ಪಿ. ನೋಡಿಸಿ, ಮಾತ್ರೆ ಬಿಟ್ಟಿರುವುದನ್ನು ನಿಮ್ಮ ವೈದ್ಯರಿಗೆ ಮುಚ್ಚಿಡದೆ ಹೇಳಿ. ಏರಿದ ಬಿ.ಪಿ. ಸದ್ದಿಲ್ಲದೆ ಲಕ್ವಕ್ಕೆ ದಾರಿ ಮಾಡೀತು.

ಕೆಂಪುಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಆದರೆ 'ಇನ್ನಷ್ಟು ಕಣ ಬೇಕು' ಎಂದು ಹೇಳಿಕಳಿಸುವುದು ಮೂತ್ರಪಿಂಡ. ಹಾಗೆ ಹೇಳಿಕಳಿಸುವ ಹಾರ್ಮೋನಿನ ಹೆಸರು ಎರಿಥ್ರೋಪೊಯೆಟಿನ್. ರಕ್ತನಾಳಗಳನ್ನು ಬಿಗಿಮಾಡಿ ಬಿ.ಪಿ. ಏರಿಸುವ ಆಂಜಿಯೊಟೆನ್ಸಿನ್ ಈ ಹಾರ್ಮೋನಿಗೂ ಕುಮ್ಮಕ್ಕು ಕೊಡುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳು ಆಂಜಿಯೊಟೆನ್ಸಿನ್‌ನ ಆಟ ಕಟ್ಟುತ್ತವೆ. ಬಿ.ಪಿ. ಇಳಿಯುತ್ತದೆ, ಜತೆಗೆ ಆ ಕುಮ್ಮಕ್ಕೂ ತಗ್ಗುತ್ತದೆ. ಮೂತ್ರಪಿಂಡದ ಕಸಿಯಾದ ಮೇಲೆ ಕೆಂಪುಕಣ ಅತಿಯಾಗಿ ಹೆಚ್ಚಿದವರಿಗೆ, ಅದನ್ನು ಇಳಿಸಲೆಂದೇ ಇಂಥ ಮಾತ್ರೆ ಕೊಡುವುದೂ ಉಂಟು!

ಆದರೆ ಮೂತ್ರಪಿಂಡ ಚೆನ್ನಾಗಿರುವವರಲ್ಲಿ ಈ ಇಳಿತ ಸಾಮಾನ್ಯವಾಗಿ ಅಲ್ಪ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿಯಾದರೆ ಅದು ರಕ್ತಹೀನತೆ. ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಿ ಸುಮ್ಮನಾದರೆ ನಿಜವಾದ ಕಾರಣ ಒಳಗೇ ಉಳಿದುಬಿಡಬಹುದು. ಮುಟ್ಟು ನಿಂತ ಮೇಲೆ ರಕ್ತ ಕಮ್ಮಿಯಾದರೆ ಹುಡುಕಲೇಬೇಕು. ಕ್ರಿಯಾಟಿನಿನ್, ಫೆರಿಟಿನ್, ಬಿ12 ಪರೀಕ್ಷೆಗಳ ಬಗ್ಗೆ ಕೇಳಿ. ಮಲ ಕಪ್ಪಗಾಗುವುದು, ಮೂಲವ್ಯಾಧಿ, ಮತ್ತೆ ರಕ್ತಸ್ರಾವ, ಮಂಡಿನೋವಿಗೆ ದಿನವೂ ಮಾತ್ರೆ ನುಂಗುವ ಅಭ್ಯಾಸ—ಯಾವುದಿದ್ದರೂ ಸಂಕೋಚಪಡದೆ ಹೇಳಿ.

ಮಾತ್ರೆ ಮುಂದುವರಿಸಬೇಕೇ, ಬದಲಿಸಬೇಕೇ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡ ಕಾಪಾಡಲು ಇದೇ ಮಾತ್ರೆ ಬೇಕಾಗುವುದುಂಟು. ಕಬ್ಬಿಣದ ಮಾತ್ರೆಯನ್ನೂ ಪರೀಕ್ಷೆಯಾದ ಮೇಲೆಯೇ ಶುರುಮಾಡಿ. ಅಲ್ಲಿಯವರೆಗೆ ಸೊಪ್ಪು, ಹುರುಳಿಕಾಳಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟವಾದ ತಕ್ಷಣ ಕಾಫಿ ಬೇಡ.

ಕಿರಿಯ ಓದುಗರಿಗೊಂದು ಮಾತು: ಈ ಜಾತಿಯ ಮಾತ್ರೆಗಳು ಬಸುರಿಯರಿಗೆ ಸಲ್ಲವು. ಮಗುವಿನ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.