ಬೀಟೆ ಮರದ ಜಪ ಸಾಕು

"ಬೀಟೆ ಮರ ಇಲ್ಲದಿದ್ದರೆ ಅದೆಂಥ ಬೇಸ್ ಗಿಟಾರ್?" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಇಲೆಕ್ಟ್ರಿಕ್ ಬೇಸ್ ವೀಣೆಯಲ್ಲ, ಅದರಲ್ಲಿ ಹಾಡುವುದು ಮರವಲ್ಲ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸ್ಪೀಕರಿಗೆ ಹೋಗುವುದು ಅದೇ. ಮರದಿಂದ ಕೂದಲೆಳೆಯಷ್ಟು ವ್ಯತ್ಯಾಸ ಬಂದೀತು, ಅಷ್ಟೆ.

ಅಮೆರಿಕದಲ್ಲಿ ಡಾನ್ ಆರ್ಮ್‌ಸ್ಟ್ರಾಂಗ್ 1969ರಲ್ಲೇ ಆಂಪೆಗ್ ಕಂಪೆನಿಗೆ ಗಾಜಿನಂತೆ ಹೊಳೆಯುವ ಅಕ್ರಿಲಿಕ್ ಬೇಸ್ ರೂಪಿಸಿದರು. ಮುಂದೆ ನೆಡ್ ಸ್ಟೈನ್‌ಬರ್ಗರ್ ಕಾರ್ಬನ್ ನಾರಿನಲ್ಲಿ ತಲೆಯೇ ಇಲ್ಲದ ಬೇಸ್ ಮಾಡಿದರು. ಯಾರಿಗೂ ನಾದ ಕಡಿಮೆಯಾಗಲಿಲ್ಲ.

ನೆಕ್ಕಿನ ವಿಷಯ ಬೇರೆ, ಒಪ್ಪುತ್ತೇನೆ. ನಾಲ್ಕು ತಂತಿಗಳ ಎಳೆತ ಸೇರಿ ಸುಮಾರು 70 ಕಿಲೋ. ಸರಿಯಾಗಿ ಒಣಗದ ಮರ ನಮ್ಮ ಮಳೆಗಾಲದಲ್ಲಿ ಬಾಗಿಯೇ ಬಾಗುತ್ತದೆ. ಒಳಗೆ ಉಕ್ಕಿನ ಸರಳು ಬೇಕೇ ಬೇಕು.

ಉಳಿದದ್ದಕ್ಕೆ ಹಳೆಯ ಮನೆಯ ಹಲಸಿನ ಬಾಗಿಲು ಸಾಲದೇ? ವಯನಾಡಿನ ಬೀಟೆಯನ್ನು ಕಡಿದು ಕಡಿದು ಅಪರೂಪ ಮಾಡಿದ್ದೇವೆ; 2017ರಿಂದ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ನಿಯಂತ್ರಣವಿದೆ. ಹಲಸಿನ ಬೇಸ್ ಎಂದರೆ ನಗುವ ಅಣ್ಣಂದಿರು ಕಣ್ಣು ಮುಚ್ಚಿ ಕೇಳಿ, ಯಾವ ಮರ ಅಂತ ಹೇಳಲಿ ನೋಡೋಣ.