ಕೂಡಿ ಕಟ್ಟುವ ಭಾಷೆಗೆ ಎಷ್ಟು ಧ್ವನಿಗಳು ಬೇಕು?

ನಾಲ್ಕಾರು ಮಂದಿ ಕೂಡಿ ಹೊಸದೊಂದು ಭಾಷೆಯನ್ನು ನಿರ್ಮಿಸಲು ಹೊರಟರೆ ಮೊದಲು ತೀರ್ಮಾನವಾಗಬೇಕಾದುದು ಅದರ ಧ್ವನಿವ್ಯವಸ್ಥೆ. ಯಾವ ಯಾವ ಧ್ವನಿಗಳಿರಬೇಕು, ಅವು ಯಾವ ಕ್ರಮದಲ್ಲಿ ಕೂಡಬಹುದು ಎಂಬುದು ಗೊತ್ತಾಗದೆ ಒಂದು ಶಬ್ದವನ್ನಾದರೂ ಕಟ್ಟುವುದು ಸಾಧ್ಯವಿಲ್ಲ. ಇಂತಹ ಪ್ರಯತ್ನಗಳಲ್ಲಿ ಪ್ರತಿಯೊಬ್ಬನೂ ತನಗೆ ಪ್ರಿಯವಾದ ಧ್ವನಿಯನ್ನು ತಂದು ಸೇರಿಸಲು ಬಯಸುವುದು ಸಹಜ. ಆದರೆ ಕೂಡಿದವರೆಲ್ಲರ ನಾಲಗೆಗೆ ಒದಗುವ, ಎಲ್ಲರ ಕಿವಿಗೂ ಬೇರೆಬೇರೆಯಾಗಿ ಕೇಳಿಸುವ ಧ್ವನಿಗಳನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರವನ್ನು ಹಾಸನ ಜಿಲ್ಲೆಯ ಮೂರು ಊರುಗಳ ಹೆಸರಿನಲ್ಲಿಯೇ ಕಾಣಬಹುದು.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. ಸುಮಾರು 450ರದೆಂದು ಎಣಿಸಲಾಗಿರುವ ಶಾಸನದಲ್ಲಿ ಆ ಊರಿನ ಹೆಸರು 'ಪಲ್ಮಿಡಿ' ಎಂದಿದೆ. ಶಬ್ದದ ಮೊದಲಿನ ಪಕಾರವು ಕಾಲಾಂತರದಲ್ಲಿ ಹಕಾರವಾಯಿತು. ಹಳೆಬೀಡಿನ 'ಹಳೆ' ಎಂಬುದು ಹಳಗನ್ನಡದಲ್ಲಿ 'ಪೞೆ'. ಇಲ್ಲಿ ಪಕಾರವು ಹಕಾರವಾದುದಲ್ಲದೆ, 'ತಮಿೞ್' ಎಂಬ ಶಬ್ದದ ಕೊನೆಯಲ್ಲಿ ಇಂದಿಗೂ ಕೇಳಿಬರುವ ೞಕಾರವು ಳಕಾರದಲ್ಲಿ ಲೀನವಾಗಿದೆ. ಅರಸೀಕೆರೆಯೆಂದರೆ ಅರಸಿಯ ಕೆರೆ. 'ಅರಸಿ'ಯಲ್ಲಿರುವುದು ಸಾಮಾನ್ಯ ರಕಾರ, ಹಳಗನ್ನಡದ 'ಕೆಱೆ'ಯಲ್ಲಿದ್ದುದು ಶಕಟರೇಫ. ಇಂದು ಎರಡೂ ಒಂದೇ. 'ಅರಿ' ಎಂದರೆ ಕತ್ತರಿಸು, 'ಅಱಿ' ಎಂದರೆ ತಿಳಿ. 'ಬಾಳ್' ಎಂದರೆ ಖಡ್ಗ, 'ಬಾೞ್' ಎಂದರೆ ಜೀವಿಸು. ಅರ್ಥವನ್ನು ಬೇರ್ಪಡಿಸುತ್ತಿದ್ದ ಈ ಭೇದಗಳನ್ನೂ ಜನರ ಬಾಯಿ ಕೈಬಿಟ್ಟಿತು. ಸಂದರ್ಭವೇ ಅರ್ಥವನ್ನು ತಿಳಿಸುತ್ತಿದ್ದುದರಿಂದ ಕನ್ನಡಕ್ಕೆ ಹಾನಿಯೇನೂ ಆಗಲಿಲ್ಲ.

ಹಳೆಬೀಡು ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿದ್ದ ಕಾಲದಲ್ಲಿ, ಸುಮಾರು 1260ರಲ್ಲಿ, ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿದನು. ಅವನು 57 ಅಕ್ಷರಗಳನ್ನು ಹೇಳಿ, ಅವುಗಳಿಂದ ಋ, ಶ, ಷ ಮೊದಲಾದ 10ನ್ನು ಕಳೆದು, ಅಚ್ಚಗನ್ನಡಕ್ಕೆ 47 ಎಂದು ನಿರ್ಣಯಿಸಿದನು. ಸಂಸ್ಕೃತದಲ್ಲಿಲ್ಲದ ಹ್ರಸ್ವ ಎ, ಒಗಳಿಗೂ ಱ, ೞಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ೞಕಾರವುಳ್ಳ ಶಬ್ದಗಳನ್ನು ಅವನು ಪಟ್ಟಿಮಾಡಿಕೊಟ್ಟಿದ್ದಾನೆ. ಕಿವಿಯಿಂದಲೇ ತಿಳಿಯುವ ಭೇದಕ್ಕೆ ಪಟ್ಟಿಯ ಅವಶ್ಯಕತೆ ಏನು? ಇಷ್ಟಾದರೂ ಆ ಧ್ವನಿ ಉಳಿಯಲಿಲ್ಲ. ಆಡುವವರು ಕೈಬಿಟ್ಟ ಧ್ವನಿಯನ್ನು ವೈಯಾಕರಣನ ಪ್ರತಿಭೆಯೂ ಕಾಪಾಡಲಾರದು.

ಕೃತಕ ಭಾಷೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1887ರಲ್ಲಿ ಜಾಮೆನ್‌ಹೋಫ್ ಪ್ರಕಟಿಸಿದ ಎಸ್ಪೆರಾಂಟೊ ಭಾಷೆಗೆ 28 ಅಕ್ಷರಗಳು. ಅವುಗಳಲ್ಲೊಂದಾದ, ಗಂಟಲಿನಿಂದ ಉಜ್ಜಿ ಹೊರಡುವ ಖಕಾರದಂತಹ ಧ್ವನಿಯನ್ನು ಆಡುವವರು ಬಹುತೇಕ ಶಬ್ದಗಳಲ್ಲಿ ಕಕಾರಕ್ಕೆ ಬದಲಾಯಿಸಿಕೊಂಡರು. 1987ರಿಂದ ಹಲವರು ಕೂಡಿ ರೂಪಿಸಿದ ಲೋಜ್ಬಾನ್ ಹೆಚ್ಚು ವಿವೇಕದ ಮಾರ್ಗವನ್ನು ಹಿಡಿಯಿತು: ಅದರಲ್ಲಿ ರಕಾರವನ್ನು ನಾಲಗೆ ಕಂಪಿಸಿಯಾದರೂ ಉಚ್ಚರಿಸಬಹುದು, ಕಂಪಿಸದೆಯಾದರೂ ಉಚ್ಚರಿಸಬಹುದು. 2001ರಲ್ಲಿ ಸೋನಿಯಾ ಲಾಂಗ್ ಪ್ರಕಟಿಸಿದ ಟೋಕಿಪೋನಾ ಭಾಷೆಗೆ 9 ವ್ಯಂಜನ, 5 ಸ್ವರಗಳೇ ಸಾಕಾದವು.

ಧ್ವನಿಗಳು ಕಡಮೆಯಾದರೆ ಶಬ್ದಗಳಿಗೆ ಬರ ಬರುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಲೆಕ್ಕ ಹಾಕಿ ನೋಡೋಣ. 9 ವ್ಯಂಜನಗಳಿಗೆ 5 ಸ್ವರಗಳು ಸೇರಿದರೆ 45 ಗುಣಿತಾಕ್ಷರಗಳಾಗುತ್ತವೆ. ಅವುಗಳಿಂದ ಎರಡಕ್ಷರದ 2,025 ಶಬ್ದಗಳನ್ನೂ ಮೂರಕ್ಷರದ 91,125 ಶಬ್ದಗಳನ್ನೂ ಕಟ್ಟಬಹುದು. ಶಬ್ದಗಳು ತುಸು ನೀಳವಾಗುವುದು ನಿಜ. ಸಂಗಡಿಗನೊಬ್ಬನು ಉಚ್ಚರಿಸಲಾರದೆ ಮೌನವಾಗುವುದಕ್ಕಿಂತ ಅದು ಲೇಸು.

ಪರೀಕ್ಷೆಯೂ ಸುಲಭ. 'ಹಾಲು–ಹಾಳು', 'ಬಳೆ–ಬಾಳೆ'ಗಳಂತೆ ಒಂದೇ ಧ್ವನಿಯಲ್ಲಿ ಭೇದವಿರುವ ಜೋಡಿಯೊಂದನ್ನು ಆರಿಸಿಕೊಳ್ಳಿರಿ. ಒಬ್ಬನು ತೆರೆಯ ಮರೆಯಲ್ಲಿ ನಿಂತು ಆ ಎರಡನ್ನು ಕ್ರಮವಿಲ್ಲದೆ 20 ಸಲ ಉಚ್ಚರಿಸಲಿ. ಉಳಿದವರು ಕೇಳಿದುದನ್ನು ಬರೆದುಕೊಳ್ಳಲಿ. ಕೇವಲ ಊಹೆಯಿಂದಲೇ ಸುಮಾರು 10 ಸರಿಯಾಗುವುದರಿಂದ, 18ಕ್ಕಿಂತ ಕಡಮೆ ಬಂದರೆ ಆ ಭೇದವನ್ನು ಕೈಬಿಡುವುದು ಮೇಲು. ಅನಂತರ ಸ್ಥಾನ ಬದಲಾಯಿಸಿ, ಪ್ರತಿಯೊಬ್ಬನ ನಾಲಗೆಯನ್ನೂ ಪರೀಕ್ಷಿಸಬೇಕು. ಒತ್ತಕ್ಷರಗಳ ವಿಷಯದಲ್ಲಿಯೂ ಇದೇ ನಿಯಮ. 'ಸ್ಕೂಲು' ನಮ್ಮ ಹಳ್ಳಿಗಳಲ್ಲಿ 'ಇಸ್ಕೂಲು' ಆದುದನ್ನು ನೆನೆಯಿರಿ.

ಧ್ವನಿಗಳ ಪಟ್ಟಿಯನ್ನು ಬಹುಮತದಿಂದ ತೀರ್ಮಾನಿಸುವುದು ನನಗೆ ಸಮ್ಮತವಲ್ಲ. ಹತ್ತು ಮಂದಿಯಲ್ಲಿ ಒಬ್ಬನ ಕಿವಿಗೆ ತಿಳಿಯದ ಭೇದವು ಅವನನ್ನು ಆ ಭಾಷೆಯಿಂದಲೇ ಹೊರಗಿಡುತ್ತದೆ. ಎಲ್ಲರೂ ಕೂಡಿ ಕಟ್ಟಿದ ಭಾಷೆಯನ್ನು ಕೂಡಿದವರೆಲ್ಲರೂ ಆಡುವಂತಿರಬೇಕು.