ಇಳಿಜಾರಿನಲ್ಲಿ ಮನೆಬಂಡಿ

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿಬರುವ ವಾಚಕ ಮಹಾಶಯರಲ್ಲಿ ಕೆಲವರಾದರೂ ಅಲ್ಲಿಯ ಟ್ರೈಲರನ್ನು, ಎಂದರೆ ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಬಂಡಿಯನ್ನು, ನೋಡಿರಬಹುದು. ಹಾಸಿಗೆ, ಒಲೆ, ಶೀತಪೆಟ್ಟಿಗೆಗಳೆಲ್ಲವೂ ಅದರೊಳಗೆ ಅಡಕವಾಗಿರುತ್ತವೆ. ಟೆನ್ನೆಸೀ ಪ್ರಾಂತದ ಸ್ಮೋಕಿ ಪರ್ವತಗಳಲ್ಲಿ ನಾವು ಬಿಡಾರ ಮಾಡಿದ ದಿನ ನನ್ನ ಅಳಿಯಂದಿರು ಅಂತಹ ಬಂಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಮೊದಲು ಮೋಟಾರಿನಿಂದ ಕಳಚಿ, ಆಮೇಲೆ ಗಾಲಿಗೆ ಅಡ್ಡ ಕೊಡಹೋದರು. ಕೊಂಡಿ ಮೇಲೆದ್ದೊಡನೆಯೇ ಬಂಡಿ ಗೇಣುದ್ದ ಹಿಂದಕ್ಕೆ ಜರುಗಿತು. ಅದರ ಹಿಂದೆ ನನ್ನ ಮೊಮ್ಮಗಳು ಕಡ್ಡಿ ಆಯುತ್ತಿದ್ದಳು. ದೈವವಶಾತ್ ಒಂದು ಕಲ್ಲು ಗಾಲಿಗೆ ಅಡ್ಡವಾಯಿತು.

ತಪ್ಪಿದ್ದುದು ಕ್ರಮದಲ್ಲಿ. ವ್ಯಾಕರಣದಲ್ಲಿ ಪೂರ್ವಾಪರ ತಪ್ಪಿದರೆ ಶಬ್ದರೂಪ ಕೆಡುತ್ತದೆ. ಇಲ್ಲಿ ಪ್ರಾಣಕ್ಕೇ ಸಂಚಕಾರ. ಆ ದೇಶದ ಮನೆಬಂಡಿಗಳಲ್ಲಿ ಬಹುಮಟ್ಟಿಗೆ ಹ್ಯಾಂಡ್‌ಬ್ರೇಕು ಇರುವುದಿಲ್ಲ. ಅವುಗಳ ಬ್ರೇಕನ್ನು ನಡೆಸುವುದು ಎಳೆಯುವ ಮೋಟಾರು. ಕಳಚಿದ ಬಳಿಕ ಬಂಡಿಯನ್ನು ಹಿಡಿಯತಕ್ಕದ್ದು ಗಾಲಿಗೆ ಕೊಟ್ಟ ಅಡ್ಡವೊಂದೇ. ಎತ್ತು ಬಿಚ್ಚುವ ಮುನ್ನ ಗಾಲಿಗೆ ಕಲ್ಲು ಕೊಡುವ ನಮ್ಮ ಗಾಡಿಯವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೊದಲು ಎಡಬಲಗಳನ್ನು ಸಮಮಾಡಬೇಕು. ಮೋಟಾರಿಗೆ ಕಟ್ಟಿರುವಾಗಲೇ ತಗ್ಗಿನ ಕಡೆಯ ಗಾಲಿಯ ಮುಂದೆ ದಪ್ಪ ಹಲಗೆ ಹಾಸಿ, ಬಂಡಿಯನ್ನು ಅದರ ಮೇಲೆ ಮೆಲ್ಲನೆ ಹತ್ತಿಸಿ, ರಸಮಟ್ಟ ಇಟ್ಟು ನೋಡುವುದು. ಆ ಪಕ್ಕದಲ್ಲಿ ಎರಡು ಗಾಲಿಗಳಿದ್ದರೆ ಎರಡರಡಿಯಲ್ಲಿಯೂ ಹಲಗೆ ಬೇಕು. ಬಳಿಕ ಎರಡು ಪಕ್ಕದ ಗಾಲಿಗಳಿಗೂ ಹಿಂದೆಮುಂದೆ ಅಡ್ಡಗಳನ್ನು ಒತ್ತಿ ಕೊಟ್ಟು, ಮೋಟಾರಿನ ಬ್ರೇಕನ್ನು ತುಸು ಸಡಿಲಿಸಿ, ಭಾರವು ಅಡ್ಡಗಳ ಮೇಲೆ ಕೂರುವುದನ್ನು ಕಣ್ಣಾರೆ ಕಂಡಮೇಲೆಯೇ ಕೊಂಡಿ ಕಳಚತಕ್ಕದ್ದು. ಹಿಂದುಮುಂದುಗಳ ಏರುಪೇರನ್ನು ಮೂತಿಯ ಜಾಕಿಯಿಂದ ತಿದ್ದಬಹುದು. ಮೂಲೆಯ ನಾಲ್ಕು ಕಾಲುಗಳನ್ನು ಇಳಿಸುವುದು ಕಟ್ಟಕಡೆಗೆ. ಅವು ಇರುವುದು ಅಲುಗಾಟ ತಡೆಯುವುದಕ್ಕೆ, ಬಂಡಿಯನ್ನು ಎತ್ತುವುದಕ್ಕಲ್ಲ. ಎತ್ತಹೋದರೆ ಚೌಕಟ್ಟು ತಿರುಚೀತು. ಇಳಿಜಾರು ವಿಪರೀತವಾಗಿದ್ದರೆ ಬೇರೆ ಸ್ಥಳ ಹುಡುಕುವುದೇ ಲೇಸು. ಇದಕ್ಕೆ ಅಳಿಯಂದಿರು ಸುಲಭವಾಗಿ ಒಪ್ಪುವುದಿಲ್ಲ.

ಸಮತೆ ಬರಿಯ ನಿದ್ರಾಸುಖಕ್ಕಲ್ಲ. ಅನೇಕ ಬಂಡಿಗಳಲ್ಲಿ ಶೀತಪೆಟ್ಟಿಗೆಯು ಅನಿಲದ ಉರಿಯಿಂದ ನಡೆಯುತ್ತದೆ. ಅದರೊಳಗಿನ ಅಮೋನಿಯಾ ಮಿಶ್ರಿತ ದ್ರವವು ತನ್ನ ಭಾರದಿಂದಲೇ ಕೊಳವೆಗಳಲ್ಲಿ ಇಳಿದು ಹರಿಯಬೇಕಾದುದರಿಂದ, ಬಂಡಿ ಬಹಳ ಓರೆಯಾದರೆ ದ್ರವವು ಒಂದೆಡೆ ತಂಗಿ, ಯಂತ್ರ ಕಾದು ಕೆಡುತ್ತದೆ.

ಹೊರಡುವಾಗ ಕ್ರಮವು ವಿಲೋಮ: ಮೊದಲು ಕೊಂಡಿ ಸೇರಿ ಅದರ ಅಗುಳಿ ಬೀಳಬೇಕು, ಕಡೆಗೆ ಅಡ್ಡ ತೆಗೆಯಬೇಕು. ಮರುದಿನ ನಾನು ಮೊಮ್ಮಗಳನ್ನು ಮೇಲುಗಡೆಯ ಬಂಡೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಅಳಿಯಂದಿರು ಹಾಗೆ ಮಾಡುವುದನ್ನು ನೋಡುತ್ತಿದ್ದೆನು.